ವಜ್ರ ಬಿಟ್ಟುಕೊಂಡ ಬಿಲ್ಲು

ಫಾರಿನ್ನಿಗೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವು ಎಂದು ಬರೆಯುತ್ತಾರೆ. ನಾನು ಅಲ್ಲಿ ಏನು ಕೆಡಿಸಿ ಬಂದೆ ಎಂದು ಬರೆಯಬೇಕಾಗಿದೆ. ನೋಡಿದ್ದು ಬಹಳ ಕಡಿಮೆ. ಹೋಗಿದ್ದು ಇಂಗ್ಲೆಂಡಿನ ಒಂದು ಹಳ್ಳಿಗೆ, ಇದ್ದದ್ದು ಒಂದೇ ಮನೆಯಲ್ಲಿ, ಅದರಲ್ಲೂ ಹೆಚ್ಚು ಹೊತ್ತು ಆ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ. ಲಂಡನ್ನಿನ ದೊಡ್ಡ ಗಡಿಯಾರ ಹೇಗಿದೆ ಎಂದು ನಮ್ಮ ಪಾಂಡವಪುರದಲ್ಲಿ ಇವತ್ತಿಗೂ ಕೇಳುತ್ತಾರೆ. ನಾನು ಅದನ್ನು ಕಂಡಿಲ್ಲ. ಕಂಡೆ ಎಂದು ಕೆಲವರಿಗೆ ಹೇಳಿದ್ದೇನೆ. ಅದೂ ನನ್ನ ತಪ್ಪುಗಳ ಜೊತೆಗೆ ಸೇರಿಕೊಳ್ಳಲಿ.

ಕರಿಘಟ್ಟದ ಬುಡ

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನನಗೆ ಅರವತ್ತು ಹತ್ತಿರ ಬಂದಿತ್ತು. ಶ್ರೀರಂಗಪಟ್ಟಣಕ್ಕೆ ಹೋದವನು ಕರಿಘಟ್ಟ ಹತ್ತಿ ಇಳಿದು, ಬುಡದಲ್ಲಿ ಕಾಲು ಚಾಚಿ ಕೂತಿದ್ದೆ. ಪಕ್ಕದಲ್ಲಿ ಒರಗಿಸಿದ್ದ ನನ್ನ ಊರುಗೋಲನ್ನು ಒಬ್ಬ ಬಿಳಿಯ ಮುದುಕ ಬಂದು ಎತ್ತಿಕೊಂಡ. ಕೇಳಲಿಲ್ಲ, ಹೇಳಲಿಲ್ಲ. ಮಂಡಿಗೆ ಕೊಟ್ಟು ಬಗ್ಗಿಸತೊಡಗಿದ. ಮುರಿಯುತ್ತಿದ್ದಾನೆ ಎಂದು ನಾನು ಎದ್ದು ನಿಂತೆ. ಕೋಲು ಮುರಿಯಲಿಲ್ಲ. ಬಗ್ಗಿ, ಬಿಟ್ಟ ಕೂಡಲೇ ಚಿಮ್ಮಿ ನೆಟ್ಟಗಾಯಿತು. ಮುದುಕನ ಮುಖದಲ್ಲಿ ಮಗು ಹುಟ್ಟಿದ ಸುದ್ದಿ ಕೇಳಿದವನ ಕಳೆ ಬಂತು.

ಅವನ ಹೆಸರು ಹೆರಾಲ್ಡ್. ಮೇಷ್ಟ್ರ ಕೆಲಸದಿಂದ ನಿವೃತ್ತನಾದವನು. ಮರದ ಬಿಲ್ಲು ಮಾಡುವುದು ಅವನ ಹುಚ್ಚು. ಇದು ಯಾವ ಮರ ಎಂದು ಕೇಳಿದ. ಹುರುಗಲು, ಹಸಿಯಿದ್ದರೂ ಧಗಧಗ ಉರಿಯುತ್ತದೆ, ಅಷ್ಟು ಎಣ್ಣೆ ಅದರಲ್ಲಿ ಎಂದೆ. ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಆದರೂ ಅವನಿಗೆ ತಿಳಿಯಿತು. ನಮ್ಮ ಬೀಗರ ಊರು ಬಿಂಡಿಗನವಿಲೆಯ ಹೊಲದ ಬದುವಿನಲ್ಲಿ ಇಂಥ ಮರ ಇದೆ ಎಂದು ಹೇಳಿ, ಅದರ ಎರಡು ಸೀಳು ತರಿಸಿ ಕೊಟ್ಟೆ.

ಕೆಲವು ತಿಂಗಳಾದ ಮೇಲೆ ಅವನ ಕಾಗದ ಬಂತು. ಬಿಲ್ಲು ಎಳೆದಾಗ ಅದರ ಬೆನ್ನು, ಅಂದರೆ ಗುರಿಯ ಕಡೆಗಿರುವ ಮೈ, ಹಿಗ್ಗುತ್ತದೆಯಂತೆ. ಬರೀ ಮರ ಆ ಹಿಗ್ಗು ತಡೆಯದೆ ಸಿಬಿರು ಎದ್ದು ಮುರಿಯುತ್ತದೆ. ಅದಕ್ಕೆ ಬೆನ್ನಿನ ಉದ್ದಕ್ಕೂ ಬಿದಿರಿನ ಸೀಳು ಅಂಟಿಸುತ್ತಾರೆ. ಆದರೆ ನಿಮ್ಮ ಹುರುಗಲು ಯಾವ ಅಂಟನ್ನೂ ಹಿಡಿಯುತ್ತಿಲ್ಲ, ಮರದೊಳಗಿನ ಎಣ್ಣೆ ಎಲ್ಲವನ್ನೂ ದೂಡಿಬಿಡುತ್ತದೆ ಎಂದು ಬರೆದಿದ್ದ.

ನಾಗಮಂಗಲ

ಆ ಕಾಗದ ಬಂದಾಗ ನಮ್ಮ ಮನೆಯಲ್ಲಿ ಬಾಗಿಲುವಾಡ ಕೂರಿಸಲು ನಾಗಮಂಗಲದ ಪುಟ್ಟಾಚಾರಿ ಬಂದಿದ್ದ. ಓದಿ ಹೇಳಿದೆ. ಅವನು ಉಳಿ ಕೆಳಗಿಟ್ಟು ನಕ್ಕ.

"ಎಣ್ಣೆ ಮರಕ್ಕೆ ಅವ್ರ ಟ್ಯೂಬಿನ ಅಂಟು ಎಲ್ ಇಡ್ದಾತು ಗೌಡ್ರೇ? ಮೊದ್ಲು ಜಿಡ್ಡು ಸಾಯಿಸ್ಬೇಕು. ಆಮೇಕೆ ನಮ್ ವಜ್ರ ಬಳೀಬೇಕು. ಯಾಕ್ ಇಡಿಯಾಕಿಲ್ಲ?"

ಚರ್ಮ, ಗೊರಸು ಬೇಯಿಸಿ ಮಾಡುವ ಅಂಟಿಗೆ ನಮ್ಮ ಕಡೆಯ ಬಡಗಿಗಳು ವಜ್ರ ಅನ್ನುತ್ತಾರೆ. ಒಣಗಿದಾಗ ಕಂದು ಬಿಲ್ಲೆ, ನೀರಲ್ಲಿ ನೆನೆಸಿ ಕಾಯಿಸಿದರೆ ಪಾಕ. ಪುಟ್ಟಾಚಾರಿಗೆ ಅದೇ ದೇವರು. ಅವನ ತಮ್ಮ ಆಗಲೇ ಡಬ್ಬಿಯ ಬಿಳಿ ಅಂಟಿಗೆ ಹೊರಳಿದ್ದ. ಅಣ್ಣನ ಅಂಟು ನಾತಕ್ಕೆ ಮಾತ್ರ ಲಾಯಕ್ಕು ಎಂದು ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಆಡಿದ್ದ. ಆ ಮಾತು ಪುಟ್ಟಾಚಾರಿಯ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ನಾನು ಹೆರಾಲ್ಡನಿಗೆ ಉತ್ತರ ಬರೆಯುವಾಗ ಸ್ವಲ್ಪ ಉಪ್ಪು ಖಾರ ಸೇರಿಸಿದೆ. ನಮ್ಮ ಆಚಾರಿ ಬಂದು ಅಂಟಿಸಿದರೆ ಪ್ರಳಯವಾದರೂ ಬಿಡುವುದಿಲ್ಲ ಎಂದುಬಿಟ್ಟೆ. ಹೆರಾಲ್ಡ್ ನಂಬಿದ. ಅವನ ಬಿಲ್ಲುಗಾರರ ಸಂಘದವರು ಇಬ್ಬರಿಗೂ ಟಿಕೆಟ್ಟು ಕಳಿಸಿದರು. ವರ್ಷಕ್ಕೊಮ್ಮೆ ಎಲ್ಲರೂ ಮೈದಾನದಲ್ಲಿ ಸೇರುತ್ತಾರಂತೆ, ಅಂದು ಹುರುಗಲು ಬಿಲ್ಲು ಎಳೆಯಬೇಕಂತೆ.

ಹೊರಡುವ ಮುಂಚೆ ಪುಟ್ಟಾಚಾರಿ ಕಾಳಮ್ಮನ ಗುಡಿಗೆ ಹೋದ. ತಮ್ಮನೂ ಇದ್ದ, ಕೇರಿಯವರೂ ಇದ್ದರು. ಕೈ ಮುಗಿದವನು ಎಲ್ಲರಿಗೂ ಕೇಳುವ ಹಾಗೆ, "ಅಲ್ಲಿ ವಜ್ರ ಬುಟ್ರೆ ಈ ತಾಯಾಣೆ, ಮತ್ತೆ ಉಳಿ ಇಡಿಯಾಕಿಲ್ಲ" ಎಂದ. ನಾನು ಗಾಬರಿಯಾದೆ. ಅವನಿಗೆ ಗೊತ್ತಿದ್ದದ್ದು ಉಳಿಯ ಕೆಲಸ ಒಂದೇ. ಆಣೆ ಇಡುವ ಬಾಯಿ ಅವನದು, ಆದರೆ ಅವನನ್ನು ಅಲ್ಲಿಯವರೆಗೆ ತಳ್ಳಿದ್ದು ನನ್ನ ಕಾಗದ.

ಬೊಂಬಾಯಿ

ಕೆ.ಆರ್. ಪೇಟೆಯ ಮೇದರ ಕೇರಿಯಿಂದ ಬಲಿತ ಬಿದಿರಿನ ಸೀಳು, ಸೀಳಿದ ಸೈಕಲ್ ಟ್ಯೂಬು, ಗೋಣಿಪಟ್ಟೆಯಲ್ಲಿ ಸುತ್ತಿದ ಉಳಿಗಳು, ರಾಗಿಹಿಟ್ಟು, ಒಂದು ಡಬ್ಬಿ ವಜ್ರ, ಇವು ಆಚಾರಿಯ ಸಾಮಾನು. ನನ್ನ ಹೆಂಡತಿ ನನಗೆ ಕೊಬ್ಬರಿ ಎಣ್ಣೆಯ ಜೊತೆಗೆ ಒಂದು ಬಾಟಲಿ ಹರಳೆಣ್ಣೆಯನ್ನೂ ಇಟ್ಟಿದ್ದಳು. ನೀರು ಬದಲಾದರೆ ತಲೆಗೆ ಉಷ್ಣ ಏರುತ್ತದೆ ಎಂಬುದು ಅವಳ ಸಿದ್ಧಾಂತ.

ವಿಮಾನ ಹತ್ತುವ ಕಡೆ ಸಾಮಾನು ತಪಾಸಣೆಗೆ ಕೂತಿದ್ದ ಅಧಿಕಾರಿ ನಮ್ಮ ಪುಣ್ಯಕ್ಕೆ ಧಾರವಾಡದ ಕಡೆಯವನು. ಕನ್ನಡ ಕೇಳಿ ಹಿಗ್ಗಿದ. ಡಬ್ಬಿ ಎತ್ತಿ, "ಏನ್ರೀ ಇದು?" ಎಂದು ಆಚಾರಿಯನ್ನು ಕೇಳಿದ.

"ವಜ್ರ ಸಾಮಿ."

ಅಧಿಕಾರಿಯ ನಗು ನಿಂತಿತು. "ಎಷ್ಟದ?"

"ಅರ್ಧ ಸೇರು ಇರಬೌದು. ಸಾಲ್ದೇ ಓದ್ರೆ ಅಲ್ಲೇ ಎಮ್ಮೆ ಚರ್ಮದಾಗೆ ಬೇಯಿಸ್ಕೋತೀವಿ."

ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ದೊಡ್ಡ ಅಧಿಕಾರಿ ಬಂದ, ಅವನಿಗಿಂತ ದೊಡ್ಡವನೂ ಬಂದ. ನಾನು ಬಾಯಿ ಬಿಡಲಿಲ್ಲ. ಇವನು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಗೋಡೆ ನೋಡುತ್ತ ನಿಂತೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ಆಚಾರಿಯೇ ಡಬ್ಬಿ ಬಿಚ್ಚಿ, ಮೂಸಿ ನೋಡಿ ಸಾಮಿ ಎಂದು ಅವರ ಮೂಗಿಗೆ ಹಿಡಿದ. ದೊಡ್ಡವನು ಕರ್ಚೀಫು ಹುಡುಕಿದ. ಧಾರವಾಡದವನು, "ಅಂಟು, ಸರೇಸ ಅಂತ ಹೇಳಬಾರದೇನೋ ಮಾರಾಯ" ಎಂದು ಹಣೆ ಚಚ್ಚಿಕೊಂಡ. ಡಬ್ಬಿಗೆ ಮುಚ್ಚಳ ಹಾಕಿಸಿ, ಆದಷ್ಟು ಬೇಗ ದೇಶ ಬಿಟ್ಟು ಹೋಗಿ ಎಂದು ಕಳಿಸಿದರು.

ಹರಳಪ್ಪನ ಮನೆ

ಹೆರಾಲ್ಡ್ ಎಂಬ ಹೆಸರು ಆಚಾರಿಯ ಬಾಯಲ್ಲಿ ಮೊದಲ ದಿನವೇ ಹರಳಪ್ಪ ಆಯಿತು. ಅವನ ಹೆಂಡತಿ ಮಾರ್ಗರೆಟ್ಟಮ್ಮ ಸುಮ್ಮನೆ ಅಮ್ಮಾವ್ರು ಆದಳು.

ಆ ಊರಿನಲ್ಲಿ ಸದ್ದೇ ಇಲ್ಲ. ನಮ್ಮ ಕಡೆಯ ಬೂಕನಕೆರೆಯಲ್ಲಿ ಒಂದು ಎಮ್ಮೆ ಕೊಳ್ಳುವಾಗ ಆಗುವಷ್ಟು ಮಾತು ಅಲ್ಲಿ ಇಡೀ ವಾರಕ್ಕೆ ಆಗುವುದಿಲ್ಲ. ಬಸ್ಸಿನಲ್ಲಿ ಹತ್ತು ಜನ ಕೂತಿದ್ದರೂ ಖಾಲಿ ಬಸ್ಸಿನಷ್ಟೇ ಮೌನ. ಆಚಾರಿ ನನ್ನ ಕಿವಿಯಲ್ಲಿ, "ಯಾರಾದ್ರೂ ಸತ್ತೋಗವ್ರಾ ಗೌಡ್ರೇ?" ಎಂದು ಕೇಳಿದ. ಅವನ ಕಿವಿಮಾತು ಡ್ರೈವರನಿಗೂ ಕೇಳಿಸಿತು. ಇನ್ನೊಂದು, ಅವರ ಕಾಲು ನಾವು ತುಳಿದರೂ ಕ್ಷಮಿಸಿ ಎಂದು ಅವರೇ ಹೇಳುತ್ತಾರೆ. ನಮ್ಮ ಕಡೆ ತುಳಿಸಿಕೊಂಡವನು ತುಳಿದವನ ಅಜ್ಜನವರೆಗೂ ಹೋಗುತ್ತಾನೆ, ಆಮೇಲೆ ಬೀಡಿ ಹಂಚಿಕೊಳ್ಳುತ್ತಾರೆ.

ನನಗೆ ಅಲ್ಲಿ ಬಹಳ ಮರ್ಯಾದೆ ಸಿಕ್ಕಿತು ಎಂದುಕೊಂಡಿದ್ದೆ. ಹೋದ ಮರುದಿನವೇ ಮಾರ್ಗರೆಟ್ಟಮ್ಮ ನಾನು ಕೂರುವ ಕುರ್ಚಿಯಲ್ಲಿ ತಲೆ ಆನಿಸುವ ಕಡೆ ಒಂದು ಕಸೂತಿ ಬಟ್ಟೆ ಹಾಸಿದಳು. ಆಚಾರಿಯ ಕುರ್ಚಿಗೆ ಹಾಸಿರಲಿಲ್ಲ. ಗೌಡರೆಂದು ಇವರಿಗೂ ತಿಳಿದಿದೆ ಎಂದು ನಾನು ಇನ್ನಷ್ಟು ಹಿಂದಕ್ಕೆ ಒರಗಿ ಕೂರತೊಡಗಿದೆ. ಆ ಚಳಿಗೆ ನನ್ನ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿತ್ತು. ಹರಳೆಣ್ಣೆ ಮಾತ್ರ ಇಳಿಯುತ್ತಿತ್ತು. ದಿನಾ ಬೆಳಿಗ್ಗೆ ಅದನ್ನೇ ನೆತ್ತಿಗೆ ಹಾಕಿ ತಟ್ಟಿಕೊಳ್ಳುತ್ತಿದ್ದೆ. ಹಣೆಗೂ ಕಣ್ಣಿನ ರೆಪ್ಪೆಗೂ ಇಳಿಯುತ್ತಿತ್ತು.

ಕೊಟ್ಟಿಗೆ

ಹರಳಪ್ಪನ ಕೆಲಸದ ಮನೆಯನ್ನು ಆಚಾರಿ ಕೊಟ್ಟಿಗೆ ಎಂದೇ ಕರೆದ. ಹುರುಗಲಿನ ಪಟ್ಟಿಗೆ ಹೊಸದಾಗಿ ತೋಪಡಾ ಹೊಡೆದು ಮೇಲ್ಮೈ ಹೆರೆದ. ಗರಗಸದ ಅಲಗನ್ನು ಅಡ್ಡ ಹಿಡಿದು ಉದ್ದಕ್ಕೂ ಗೀರು ಹಾಕಿದ, ಅಂಟಿಗೆ ಹಿಡಿತ ಬೇಕು ಎಂದು. ಹರಳಪ್ಪ ಕೊಟ್ಟ ಸ್ಪಿರಿಟ್ಟನ್ನು ಬಟ್ಟೆಗೆ ಹಚ್ಚಿ ಒರೆಸಿದ. ಬಟ್ಟೆ ಹಳದಿಯಾಯಿತು. ಇನ್ನೊಂದು ಬಟ್ಟೆ ತೆಗೆದುಕೊಂಡ. ಬಟ್ಟೆ ಬೆಳ್ಳಗೇ ಉಳಿಯುವವರೆಗೂ ಒರೆಸಿದ. ಹರಳಪ್ಪ ಮಂತ್ರಾಕ್ಷತೆಗೆ ನಿಂತವನ ಹಾಗೆ ಕೈ ಕಟ್ಟಿ ನಿಂತಿದ್ದ.

ಅಡುಗೆಮನೆಯಲ್ಲಿ ವಜ್ರ ಕಾಯುತ್ತಿತ್ತು. ಅದರ ವಾಸನೆ ಬೀದಿಗೆ ಹೋಗಿ, ಪಕ್ಕದ ಮನೆಯವರು ಯಾವುದಾದರೂ ಪ್ರಾಣಿ ಸತ್ತಿದೆಯೇ ಎಂದು ಬಹಳ ವಿನಯದಿಂದ ವಿಚಾರಿಸಿ ಹೋಗಿದ್ದರು. ಊರಿನ ನಾಯಿಗಳೆಲ್ಲ ಬೇಲಿಯ ಹೊರಗೆ ಬಂದು ಕೂತಿದ್ದವು. ನಾಯಿಗಳ ವಿಷಯದಲ್ಲಿ ಮಾತ್ರ ಇಂಗ್ಲೆಂಡಿಗೂ ನಾಗಮಂಗಲಕ್ಕೂ ವ್ಯತ್ಯಾಸ ಕಾಣಲಿಲ್ಲ.

"ಪಾತ್ರೆ ತತ್ತೀನಿ. ಅಲ್ಲೀಗಂಟ ಯಾರೂ ಇದಕ್ಕೆ ಕೈ ಸೋಕಿಸ್ಬ್ಯಾಡಿ" ಎಂದು ಹೇಳಿ ಆಚಾರಿ ಒಳಗೆ ಹೋದ. ಹರಳಪ್ಪನೂ ಹಿಂದೆಯೇ ಹೋದ.

ನಾನು ಒಬ್ಬನೇ ಉಳಿದೆ. ಹುರುಗಲು ಹೊಸ ಬೆಣ್ಣೆಯ ಬಣ್ಣದಲ್ಲಿ ಮಲಗಿತ್ತು. ನಮ್ಮೂರ ಮರ, ಸಮುದ್ರ ದಾಟಿ ಬಂದ ಮರ. ಒಂದು ಕಾಯಿ ಒಡೆದಿಲ್ಲ, ಕುಂಕುಮ ಇಟ್ಟಿಲ್ಲ, ಇಷ್ಟು ದೊಡ್ಡ ಕೆಲಸ ಹೀಗೆ ಬೋಳು ಬೋಳಾಗಿ ಶುರುವಾಗುವುದೇ ಎನ್ನಿಸಿತು. ಕೈ ಸೋಕಿಸಬಾರದು ಎಂದಿದ್ದನಲ್ಲ, ಸೋಕಿಸಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಆ ಮರವನ್ನು ಬಲಗಣ್ಣಿಗೆ ಒತ್ತಿಕೊಂಡೆ, ಎಡಗಣ್ಣಿಗೆ ಒತ್ತಿಕೊಂಡೆ, ಆಮೇಲೆ ಹಣೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದೆ. ಮನಸ್ಸಿಗೆ ಬಹಳ ಹಿತವಾಯಿತು.

ಆಚಾರಿ ಬಂದು ವಜ್ರ ಬಳಿದ, ಬಿದಿರಿನ ಸೀಳು ಕೂರಿಸಿದ, ಸೈಕಲ್ ಟ್ಯೂಬು ಎಳೆದೆಳೆದು ಸುತ್ತಿದ. ಹರಳಪ್ಪ ತನ್ನ ಕಬ್ಬಿಣದ ಕ್ಲಾಂಪುಗಳನ್ನು ತೋರಿಸಿದ. ಅವು ಅಲ್ಲಲ್ಲಿ ಮಾತ್ರ ಹಿಡಿಯುತ್ತವೆ, ಟ್ಯೂಬು ಎಲ್ಲಾ ಕಡೆ ಹಿಡಿಯುತ್ತದೆ ಎಂದು ಆಚಾರಿ ಹೇಳಿದ. ಹರಳಪ್ಪ ತಲೆದೂಗಿದ. ಆಮೇಲಿನ ದಿನಗಳಲ್ಲಿ ಬಿಲ್ಲು ಒಣಗಿತು, ಕೆತ್ತಿಸಿಕೊಂಡಿತು, ಸ್ವಲ್ಪ ಸ್ವಲ್ಪವೇ ಬಗ್ಗಲು ಕಲಿಯಿತು. ಎಲ್ಲಿಯೂ ಬಿಡಲಿಲ್ಲ. ಆಚಾರಿ ಹಾಡಿಕೊಂಡು ಮುದ್ದೆ ತೊಳಸಿದ.

ಮೈದಾನ

ಮೈದಾನದಲ್ಲಿ ಟೋಪಿ ಹಾಕಿದ ಮುದುಕ ಮುದುಕಿಯರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಿಲ್ಲು, ಇನ್ನೊಂದು ಕೈಯಲ್ಲಿ ಟೀ. ಹರಳಪ್ಪ ಹುರುಗಲು ಬಿಲ್ಲನ್ನು ಎತ್ತಿ ತೋರಿಸಿ, ಇದು ಇಂಡಿಯಾದ ಮರ, ಇಂಡಿಯಾದ ಅಂಟು, ಇಂಡಿಯಾದ ಕೈ ಎಂದು ಪರಿಚಯ ಮಾಡಿಸಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಆಚಾರಿ ಟವೆಲ್ಲು ಸರಿ ಮಾಡಿಕೊಂಡ.

ಮೊದಲ ಬಾಣ ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಹರಳಪ್ಪ ಕಿವಿಯವರೆಗೆ ಎಳೆದ. ಟಪ್ ಎಂದಿತು. ಹಿಡಿಯ ಮೇಲುಗಡೆ ಬಿದಿರು ಬೆನ್ನಿನಿಂದ ಎದ್ದು ನಿಂತಿತು. ಬಾಣ ಅವನ ಕಾಲ ಬುಡದಲ್ಲೇ ಬಿತ್ತು.

ಯಾರೂ ನಗಲಿಲ್ಲ. ನಮ್ಮ ಕಡೆಯಾಗಿದ್ದರೆ ಕೇಕೆ ಹಾಕಿ, ಕಾಲೆಳೆದು, ಅಲ್ಲಿಗೇ ಮುಗಿಸುತ್ತಿದ್ದರು. ಇವರು ಒಬ್ಬೊಬ್ಬರಾಗಿ ಬಂದು, ಪಾಪ, ಗ್ರಹಚಾರ ಎನ್ನುವ ಅರ್ಥದ ಮಾತು ಹೇಳಿ ಆಚಾರಿಯ ಕೈ ಕುಲುಕಿ ಹೋದರು. ಸಾವಿನ ಮನೆಯ ಮುಂದೆ ಸಾಲು ಹೋದ ಹಾಗೆ ಹೋದರು. ಆಚಾರಿ ಪ್ರತಿ ಕೈ ಕುಲುಕಿಗೂ ಒಂದಿಷ್ಟು ಕುಗ್ಗಿದ.

ಹರಳಪ್ಪ ಎದ್ದ ಬಿದಿರನ್ನು ಬಗ್ಗಿಸಿ ಒಳಗೆ ನೋಡಿದ. ಉಳಿದ ಕಡೆಯೆಲ್ಲ ಅಂಟು ಕಚ್ಚಿಕೊಂಡೇ ಇತ್ತು. ಮೂರು ಕಡೆ ಮಾತ್ರ ಮರ ನುಣ್ಣಗೆ, ಬೋಳಾಗಿ, ಮಿರಮಿರ ಎನ್ನುತ್ತಿತ್ತು. ಸಾಲಾಗಿ ಎರಡು ಸಣ್ಣ ಗುರುತು, ಪಕ್ಕದಲ್ಲಿ ಒಂದು ದೊಡ್ಡದು. ಮರದ ಎಣ್ಣೆ ಅಲ್ಲಲ್ಲಿ ಉಕ್ಕಿದೆ, ವಿಚಿತ್ರ ಎಂದು ಹರಳಪ್ಪ ಹೇಳಿದ. ನಾನು ಆ ಗುರುತು ನೋಡಿದೆ. ಎರಡು ಕಣ್ಣು, ಒಂದು ಹಣೆ. ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಬೆರಳಿಗೆ ಹರಳೆಣ್ಣೆ ಹತ್ತಿತು.

ಹೇಳಬೇಕಾಗಿತ್ತು. ಹೇಳಲಿಲ್ಲ. ಟೋಪಿ ಹಾಕಿದ ಅಷ್ಟು ಜನರ ಮುಂದೆ ನನ್ನ ನಾಲಿಗೆ ಏಳಲಿಲ್ಲ.

ಮನೆಗೆ ಬಂದ ಮೇಲೆ ಆಚಾರಿ ಉಳಿಗಳ ಗೋಣಿಪಟ್ಟೆ ತಂದು ಹರಳಪ್ಪನ ಮುಂದೆ ಇಟ್ಟ. "ಇವ್ರಿಗೆ ಏಳಿ ಗೌಡ್ರೇ. ನಾನು ತಾಯಿ ಮುಂದೆ ಆಣೆ ಮಾಡಿದ್ದೆ. ವಜ್ರ ಬುಡ್ತು. ಇನ್ನು ಈ ಉಳಿ ಮುಟ್ಟಾಕಿಲ್ಲ. ನಾಗಮಂಗ್ಲಕ್ಕೆ ಒತ್ಕೊಂಡ್ ಓಗಕ್ಕೂ ಮೊಕ ಇಲ್ಲ. ಇಲ್ಲೇ ಬುದ್ದೋಗ್ಲಿ ಅನ್ನಿ."

ಹರಳಪ್ಪ ನನ್ನ ಮುಖ ನೋಡಿದ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ನಿಮ್ಮ ಸ್ನೇಹದ ನೆನಪಿಗೆ ಇವನ್ನು ಉಡುಗೊರೆ ಕೊಡುತ್ತಿದ್ದಾರೆ.

ಹರಳಪ್ಪನ ಕಣ್ಣು ತುಂಬಿ ಬಂತು. ಉಳಿಗಳನ್ನು ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಗೋಡೆಗೆ ಸಾಲಾಗಿ ನೇತುಹಾಕಿದ.

ಹಿಂದಿನ ಮೆಟ್ಟಿಲು

ಮರುದಿನ ಮಾರ್ಗರೆಟ್ಟಮ್ಮ ನನ್ನ ಕುರ್ಚಿಯ ಕಸೂತಿ ಬಟ್ಟೆ ಒಗೆಯಲು ತೆಗೆದಳು. ಅದರ ನಡುವೆ ಗುಂಡಗೆ ಎಣ್ಣೆಯ ಕರೆ ಕೂತಿತ್ತು. ತನ್ನ ಅಜ್ಜಿಯ ಕಾಲದಲ್ಲಿ ಇಲ್ಲಿನ ಗಂಡಸರೂ ತಲೆಗೆ ಎಣ್ಣೆ ಹಾಕುತ್ತಿದ್ದರು, ಕುರ್ಚಿ ಕೆಡದಿರಲಿ ಎಂದೇ ಈ ಬಟ್ಟೆ ಹಾಸುವುದು, ಬೇಜಾರು ಮಾಡಿಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದಳು. ನನ್ನ ಗೌಡಿಕೆ ಅಲ್ಲಿಗೆ ಇಳಿಯಿತು. ಎಣ್ಣೆ ತಡೆಯಲು ಕುರ್ಚಿಗೆ ಒಂದು ಬಟ್ಟೆಯಾದರೂ ಇತ್ತು. ಬಿಲ್ಲಿಗೆ ಯಾವ ಬಟ್ಟೆ ಇತ್ತು?

ಆಚಾರಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕೊಟ್ಟಿಗೆಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿ ನನ್ನ ಮೊಣಕಾಲು ತಟ್ಟಿದ.

"ದೊಡ್ಡ ಮನ್ಸು ನಿಮ್ದು ಗೌಡ್ರೇ. ನನ್ ಮಾನ ಉಳ್ಸಕ್ಕೆ ಇಷ್ಟು ದೊಡ್ಡ ಸುಳ್ಳು ಕಟ್ಟಿದೀರಲ್ಲ."

ಆ ಪ್ರವಾಸದಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಜನ ನಂಬಿದ್ದರು. ನಿಜ ಹೇಳಿದಾಗ ಹೀಗಾಯಿತು. ಹರಳಪ್ಪನ ಹತ್ತಿರ ಹೋಗಿ, ಇದು ನನ್ನ ತಲೆಯಿಂದ ಆದದ್ದು, ತಪ್ಪೆಲ್ಲ ನನ್ನ ತಲೆಯ ಮೇಲಿದೆ ಎಂದೆ. ಅವರ ಭಾಷೆಯಲ್ಲಿ ಹಾಗೆಂದರೆ ಹೊಣೆ ನನ್ನದು ಎಂದಷ್ಟೇ ಅರ್ಥವಂತೆ. ನೀವು ನಿಜವಾದ ಗೆಳೆಯ ಎಂದು ಅವನೂ ನನ್ನ ಭುಜ ತಟ್ಟಿದ. ಎರಡು ದೇಶದವರೂ ಸೇರಿ ನನ್ನನ್ನು ಸಂತನನ್ನಾಗಿ ಮಾಡಿದರು.

ಕೊನೆಗೆ ನಾನು ಕೊಟ್ಟಿಗೆಯಿಂದ ಹುರುಗಲಿನ ಎರಡು ತುಂಡು, ಬಿದಿರಿನ ಎರಡು ತುಂಡು ಆರಿಸಿ ತಂದೆ. ಇವನ್ನು ಒರೆಸಿ ಅಂಟಿಸಿ ಎಂದು ಆಚಾರಿಯನ್ನು ಕೇಳಿದೆ. ಆಣೆ ಇದೆ ಎಂದ. "ಆಣೆ ಇಟ್ಟಿರೋದು ಉಳಿ ಮೇಲೆ ಆಚಾರ್ರೇ. ಬಟ್ಟೆ, ಕುಂಚ ಇಡಿಯಾಕಿಲ್ಲ ಅಂದಿದ್ರಾ?" ಎಂದೆ. ಅವನು ಯೋಚಿಸಿದ. ಕಾಳಮ್ಮನಿಗೂ ಈ ವಾದ ಒಪ್ಪಿಗೆಯಾಗಬಹುದು ಎಂದು ಅವನಿಗೆ ತೋರಿರಬೇಕು. ಗರಗಸದ ಅಲಗಿನಿಂದ ಗೀರು ಹಾಕುವ ಕೆಲಸವನ್ನು ಹರಳಪ್ಪ ಮಾಡಿದ, ಆಚಾರಿ ಒರೆಸಿದ. ಅಂಟು ಬಳಿಯುವ ಮುಂಚೆ ಎಲ್ಲರ ಕಣ್ಣೆದುರಿಗೇ ಒಂದು ತುಂಡಿಗೆ ನಾನು ಬಲಗಣ್ಣು, ಎಡಗಣ್ಣು, ಹಣೆ ಒತ್ತಿದೆ. ಹರಳಪ್ಪ ಇದೇನೋ ಪ್ರಾರ್ಥನೆ ಎಂದುಕೊಂಡು ತಾನೂ ತಲೆ ತಗ್ಗಿಸಿದ.

ಒಣಗುವವರೆಗೆ ಆಚಾರಿ ದಿನಾ ಬೆಳಿಗ್ಗೆ ಆ ಎರಡು ತುಂಡುಗಳನ್ನು ದೂರದಿಂದ ನೋಡಿ ಬರುತ್ತಿದ್ದ. ಹತ್ತಿರ ಹೋಗುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ

ನಾವು ಹೊರಡುವ ದಿನ ಹರಳಪ್ಪ ಟ್ಯೂಬು ಬಿಚ್ಚಿದ. ಮೊದಲನೆಯ ತುಂಡಿಗೆ ಚಾಕು ಕೊಟ್ಟು ಮೀಟಿದ. ಬಿದಿರು ಬಿಟ್ಟಿತು. ಬಿಟ್ಟ ಜಾಗದಲ್ಲಿ ಎರಡು ಸಣ್ಣ ಗುರುತು, ಒಂದು ದೊಡ್ಡದು. ಎರಡನೆಯದಕ್ಕೆ ಚಾಕು ಹೊಗಲಿಲ್ಲ. ಸುತ್ತಿಗೆಯಿಂದ ಬಡಿದ. ಕೊನೆಗೆ ಬಿಟ್ಟಿದ್ದು ಅಂಟಲ್ಲ, ಬಿದಿರು. ನಾರು ನಾರಾಗಿ ಹರಿದು, ಅರ್ಧ ಹುರುಗಲಿನ ಮೇಲೇ ಉಳಿಯಿತು.

ಆಚಾರಿ ಎರಡು ತುಂಡನ್ನೂ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನನ್ನ ತಲೆ ನೋಡಿದ. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ನಾಗಮಂಗಲದ ಬೈಗುಳ ಸಾಮಾನ್ಯದ್ದಲ್ಲ.

"ಅಂಗಾರೆ ವಜ್ರ ಬುಟ್ಟಿಲ್ಲ" ಎಂದ. ಇನ್ನೊಮ್ಮೆ, ಗುಡಿಯಲ್ಲಿ ಹೇಳಿದ ಹಾಗೆ ಗಟ್ಟಿಯಾಗಿ, "ವಜ್ರ ಬುಟ್ಟಿಲ್ಲ ಗೌಡ್ರೇ. ಆಣೆ ತಗಲಾಕಿಲ್ಲ." ತುಂಡುಗಳನ್ನು ಕೆಳಗಿಟ್ಟು, "ನನ್ ಉಳಿ ಕೊಡಕ್ಕೇಳಿ" ಎಂದ.

ಉಳಿಗಳು ಗೋಡೆಯ ಮೇಲಿದ್ದವು. ಉಡುಗೊರೆ ಬಂತೆಂದು ಕಣ್ಣು ತುಂಬಿಕೊಂಡವನ ಹತ್ತಿರ ವಾಪಸು ಕೇಳಬೇಕು. ಏನಾದರೂ ಒಂದು ಕಟ್ಟಿ ಹೇಳೋಣವೆಂದು ಬಾಯಿ ತೆರೆದೆ. ಆಚಾರಿ ನನ್ನ ತೋಳು ಹಿಡಿದ.

"ಅವತ್ತು ನಾನೇಳಿದ್ದೇ ಬ್ಯಾರೆ, ನೀವೇಳಿದ್ದೇ ಬ್ಯಾರೆ. ಉಳಿ ತಕೊಂಡು ಅವನು ಅಂಗ್ ಕಣ್ಣೀರಾಕ್ದಾಗ್ಲೇ ನಂಗ್ ಗೊತ್ತಾಗಿತ್ತು. ಇವತ್ತು ಇದ್ದಿದ್ ಇದ್ದಂಗೆ ಏಳಿ."

ಹೇಳಿದೆ. ಆಣೆಯ ವಿಷಯ, ಅದಕ್ಕೆ ಕಾರಣವಾದ ನನ್ನ ಕಾಗದ, ಉಡುಗೊರೆಯ ಸುಳ್ಳು, ಎಲ್ಲವನ್ನೂ ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎಳೆದೆಳೆದು ಹೇಳಿದೆ. ಮಾರ್ಗರೆಟ್ಟಮ್ಮ ಕಿಟಕಿಯ ಕಡೆ ತಿರುಗಿದಳು. ಹರಳಪ್ಪನ ಮುಖ ಕೆಂಪಾಯಿತು. ನನ್ನ ಮೇಲೆ ಸಿಟ್ಟೋ, ಕೊಡದ ಉಡುಗೊರೆಗೆ ಅತ್ತಿದ್ದಕ್ಕೆ ನಾಚಿಕೆಯೋ ತಿಳಿಯಲಿಲ್ಲ. ಉಳಿಗಳನ್ನು ಒಂದೊಂದಾಗಿ ಗೋಡೆಯಿಂದ ಇಳಿಸಿ, ಗೋಣಿಪಟ್ಟೆಯಲ್ಲಿ ಸುತ್ತಿ, ಎರಡು ಕೈಯಲ್ಲಿ ಹಿಡಿದು ಆಚಾರಿಗೆ ಕೊಟ್ಟ.

ಆಚಾರಿ ಅಲ್ಲೇ ನೆಲದ ಮೇಲೆ ಕೂತು ಸುರುಳಿ ಬಿಚ್ಚಿದ. ಎಲ್ಲ ಉಳಿಗಳ ಬಾಯನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅವುಗಳಲ್ಲಿ ಒಳ್ಳೆಯದನ್ನು, ಅಗಲ ಬಾಯಿಯದನ್ನು, ಹಿಡಿ ಸವೆದು ಅವನ ಮುಷ್ಟಿಯ ಅಚ್ಚು ಬಿದ್ದಿದ್ದದ್ದನ್ನು ಎತ್ತಿ ಹರಳಪ್ಪನ ಕಡೆಗೆ ಚಾಚಿದ.

"ಇದ ನಾನ್ ಕೊಡ್ತಾ ಇರೋದು ಅನ್ನಿ."

ನಾನು ಅಷ್ಟನ್ನೇ ಹೇಳಿದೆ.